ನಾವು ಆರಿಸಿಕೊಳ್ಳದ ಗೆಳೆಯರು

ಕರಾವಳಿಯಲ್ಲಿ ಫುಟ್ಬಾಲ್ ಮಳೆಗಾಲದ ಆಟ. ಜೂನ್ ತಿಂಗಳಲ್ಲಿ ಮೈದಾನದಲ್ಲಿ ನೀರು ನಿಂತಿತೆಂದರೆ ಬ್ಯಾಟು ಅಟ್ಟ ಸೇರುತ್ತದೆ, ಚೆಂಡು ಹೊರಬರುತ್ತದೆ. ಕೆಸರಿನಲ್ಲಿ ಬಿದ್ದರೆ ಅಷ್ಟಾಗಿ ನೋಯುವುದಿಲ್ಲ. ಶೂ ಇಲ್ಲದಿದ್ದರೂ ನಡೆಯುತ್ತದೆ. ಇಪ್ಪತ್ತು ಹುಡುಗರಿಗೆ ಒಂದು ಚೆಂಡು ಸಾಕು. ಕೈಯಲ್ಲಿ ಕಾಸಿಲ್ಲದ ಮನೆಯ ಮಕ್ಕಳಿಗೆ ಇದಕ್ಕಿಂತ ಅಗ್ಗದ ಆಟ ಇನ್ನೊಂದಿರಲಾರದು.

ಮಂಗಳೂರಿನ ಒಂದು ಕಾಲೇಜಿನಲ್ಲಿ ಪದವಿಯ ಕೊನೆಯ ವರ್ಷದಲ್ಲಿದ್ದಾಗ, ಅಂದರೆ 2006ರಲ್ಲಿ, ನಾನು ಅಲ್ಲಿನ ಫುಟ್ಬಾಲ್ ತಂಡದಲ್ಲಿ ಲೆಫ್ಟ್ ಬ್ಯಾಕ್ ಆಗಿ ಆಡಿದೆ. ನಮ್ಮದು ಹೆಸರುವಾಸಿ ತಂಡವೇನೂ ಆಗಿರಲಿಲ್ಲ. ಆ ವರ್ಷ ನಾವು ಆಡಿದ ಪಂದ್ಯಗಳು ಏಳು. ಐದರಲ್ಲಿ ಗೆದ್ದೆವು, ಎರಡರಲ್ಲಿ ಸೋತೆವು. ಕಪ್ ಯಾವುದೂ ಬರಲಿಲ್ಲ. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ನಮ್ಮ ಬಗ್ಗೆ ಎರಡು ಸಾಲು ಬಂದಿತ್ತು, ಅಷ್ಟೆ. ಆದರೂ ಯೌವನದ ದಿನಗಳನ್ನು ನೆನೆದಾಗ ಮೊದಲು ಕಣ್ಣ ಮುಂದೆ ಬರುವುದು ಆ ನಾಲ್ಕು ತಿಂಗಳುಗಳೇ. ಅದಕ್ಕೆ ಕಾರಣ ಆಟ ಮಾತ್ರವಲ್ಲ.

ಜುಲೈ ಮೊದಲ ವಾರ ಆಯ್ಕೆ ನಡೆಯಿತು. ಸುಮಾರು ನಲವತ್ತು ಮಂದಿ ಬಂದಿದ್ದೆವು. ದೈಹಿಕ ಶಿಕ್ಷಣ ನಿರ್ದೇಶಕರು, ನಮ್ಮ ಬಾಯಲ್ಲಿ ‘ಪಿ.ಡಿ. ಸರ್’, ಕೊಡೆ ಹಿಡಿದು ಗೆರೆಯ ಬಳಿ ನಿಂತು ಮೂರು ದಿನ ನೋಡಿದರು. ನಾಲ್ಕನೆಯ ದಿನ ಹದಿನೆಂಟು ಹೆಸರುಗಳ ಪಟ್ಟಿ ನೋಟೀಸ್ ಬೋರ್ಡಿಗೆ ಬಂತು. ಅದರಲ್ಲಿ ಉಳ್ಳಾಲದವರಿದ್ದರು, ಬಂಟ್ವಾಳದವರಿದ್ದರು, ಗಡಿಯಾಚೆಯ ಮಂಜೇಶ್ವರದವನೊಬ್ಬನಿದ್ದ. ಗೋಲಿ ಕ್ಯಾಥೊಲಿಕ್ ಹುಡುಗ. ನಾವು ಏಳು ಮಂದಿ ಬ್ಯಾರಿಗಳು. ಉಳಿದವರು ಮೊಗವೀರರು, ಬಿಲ್ಲವರು, ಬಂಟರು, ಕೊಂಕಣಿಗರು. ಇವರಲ್ಲಿ ಹೆಚ್ಚಿನವರನ್ನು ಗೆಳೆಯರನ್ನಾಗಿ ಆರಿಸಿಕೊಳ್ಳುವ ಅವಕಾಶ ಸಿಕ್ಕಿದ್ದರೆ ನಾನು ಆರಿಸುತ್ತಿರಲಿಲ್ಲ. ಅವರೂ ನನ್ನನ್ನು ಆರಿಸುತ್ತಿರಲಿಲ್ಲ. ನಮ್ಮನ್ನು ಆರಿಸಿದ್ದು ಕೊಡೆ ಹಿಡಿದು ನಿಂತ ಒಬ್ಬ ಮೇಷ್ಟ್ರು.

ಪಟ್ಟಿಯಲ್ಲಿ ಇಬ್ಬರು ಬೆಂಗ್ರೆಯವರು. ಮಂಗಳೂರನ್ನು ಬಲ್ಲವರಿಗೆ ಬೆಂಗ್ರೆ ಗೊತ್ತು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ನದಿ, ನಡುವೆ ಉದ್ದನೆಯ ಮರಳಿನ ನೆಲ. ಬಂದರಿನಿಂದ ದೋಣಿ ಹತ್ತಿದರೆ ಕೆಲವೇ ನಿಮಿಷಗಳ ದಾರಿ. ಕಸಬಾ ಬೆಂಗ್ರೆಯಲ್ಲಿ ಹೆಚ್ಚಿನವರು ಮುಸ್ಲಿಮರು, ತೋಟ ಬೆಂಗ್ರೆಯಲ್ಲಿ ಹೆಚ್ಚಿನವರು ಮೊಗವೀರರು. ಎರಡೂ ಕಡೆಯವರ ಬದುಕು ಮೀನಿನ ಮೇಲೆ. ಕಸಬಾ ಬೆಂಗ್ರೆಯಲ್ಲಂತೂ ಫುಟ್ಬಾಲ್ ಎಂದರೆ ಹುಚ್ಚು. ಮರಳಿನ ಮೇಲೆ ಆಡಿ ಬೆಳೆದ ಹುಡುಗರ ಕಾಲುಗಳಿಗೆ ಹುಲ್ಲಿನ ಮೈದಾನ ಏನೂ ಅಲ್ಲ. ನಮ್ಮ ರೈಟ್ ವಿಂಗ್ ಆಟಗಾರ ಅಲ್ಲಿಯವನು. ಕ್ಯಾಪ್ಟನ್ ತೋಟ ಬೆಂಗ್ರೆಯವನು. ಇಬ್ಬರೂ ಒಂದೇ ದೋಣಿಯಲ್ಲಿ ಬಂದು ಒಂದೇ ದೋಣಿಯಲ್ಲಿ ಹೋಗುತ್ತಿದ್ದರು. ದೋಣಿಯಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲವಂತೆ. ಮೈದಾನಕ್ಕೆ ಇಳಿದರೆ ಮಾತ್ರ ಇಬ್ಬರ ಬಾಯಿಗೂ ಬೀಗವಿರಲಿಲ್ಲ.

ಮಳೆ ತೀರಾ ಜೋರಾದ ದಿನ ಪಿ.ಡಿ. ಸರ್ ನಮ್ಮನ್ನು ಚೆಂಡು, ಜಾವೆಲಿನ್ ಇಡುವ ಕೋಣೆಯಲ್ಲಿ ಕೂರಿಸಿ ಹಳೆಯ ಕತೆ ಹೇಳುತ್ತಿದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಹೆಚ್ಚಿನ ಆಟಗಾರರು ಬರಿಗಾಲಲ್ಲೇ ಆಡಿ ಫ್ರಾನ್ಸ್ ಎದುರು 1-2ರಿಂದ ಸೋತದ್ದು, ಭಾರತದ ಆ ಒಂದು ಗೋಲನ್ನು ಹೊಡೆದ ರಾಮನ್ ನಮ್ಮ ಮೈಸೂರು ಕಡೆಯವರೆಂಬುದು, ಅದೇ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದದ್ದು. ಅಹ್ಮದ್ ಖಾನ್ ಮುಂದೆ ಕೋಲ್ಕತಾದ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ ‘ಪಂಚ ಪಾಂಡವರು’ ಎಂದು ಹೆಸರಾದ ಐವರು ಮುನ್ಪಡೆ ಆಟಗಾರರಲ್ಲಿ ಒಬ್ಬರಾದರು. 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲೂ ಅವರಿದ್ದರು. “ಪಾಂಡವರಲ್ಲಿ ಒಬ್ಬ ಖಾನ್, ಇನ್ನೊಬ್ಬ ಸಾಲೆ. ಯಾರಿಗೂ ಅದು ವಿಚಿತ್ರ ಅನಿಸಲಿಲ್ಲ ನೋಡಿ” ಎಂದು ಸರ್ ನಗುತ್ತಿದ್ದರು.

ಆಗಸ್ಟ್‌ನಲ್ಲಿ ಒಂದು ಸ್ಥಳೀಯ ಪಂದ್ಯಾವಳಿಯಲ್ಲಿ ಆಡಿ ಒಂದು ಗೆದ್ದು ಒಂದು ಸೋತು ಹೊರಬಿದ್ದೆವು. ಸೆಪ್ಟೆಂಬರ್‌ನಲ್ಲಿ ವಿಶ್ವವಿದ್ಯಾನಿಲಯದ ಅಂತರ ಕಾಲೇಜು ಪಂದ್ಯಾವಳಿ ಶುರುವಾಯಿತು. ವಲಯ ಮಟ್ಟದ ಮೂರು ಪಂದ್ಯಗಳನ್ನೂ ಗೆದ್ದೆವು. ನಮ್ಮಲ್ಲಿ ದೊಡ್ಡ ಪ್ರತಿಭೆ ಇದ್ದುದರಿಂದಲ್ಲ. ಹದಿನೆಂಟು ಮಂದಿಯೂ ದಿನಾ ಸಂಜೆ 4.15ಕ್ಕೆ ತಪ್ಪದೆ ಬರುತ್ತಿದ್ದೆವು. ಯಾರು ಯಾವಾಗ ಓಡುತ್ತಾನೆ, ಯಾರಿಗೆ ಎಡಗಾಲು ಬರುವುದಿಲ್ಲ, ಯಾರು ಬೈದರೆ ಚೆನ್ನಾಗಿ ಆಡುತ್ತಾನೆ, ಯಾರು ಬೈದರೆ ಕುಗ್ಗುತ್ತಾನೆ ಎಂಬುದೆಲ್ಲ ಎಲ್ಲರಿಗೂ ತಿಳಿದಿತ್ತು. ಸಾಧಾರಣ ತಂಡಕ್ಕೆ ಇಷ್ಟೇ ಬಂಡವಾಳ.

ಸೆಪ್ಟೆಂಬರ್ ಕೊನೆಯ ವಾರ ಎರಡು ಸಂಗತಿಗಳು ಒಟ್ಟಿಗೆ ಬಂದವು. ಒಂದು ನವರಾತ್ರಿ, ಇನ್ನೊಂದು ರಮಝಾನ್.

ಏಳು ಮಂದಿ ಉಪವಾಸಿಗಳು ಸಂಜೆ ನಾಲ್ಕೂಕಾಲಿಗೆ ಓಡಲು ಶುರು ಮಾಡಿ ಆರು ಗಂಟೆಗೆ ನಿಲ್ಲಿಸಿದರೆ, ಮಗ್ರಿಬ್ ಬಾಂಗ್ ಕೇಳುವವರೆಗೆ ಗಂಟಲು ಒಣಗಿಸಿಕೊಂಡು ಕೂರಬೇಕು. ಹಸಿವೆಯನ್ನು ತಡೆಯಬಹುದು. ಬೆವರು ಸುರಿಸಿದ ಮೇಲೆ ನೀರಿಲ್ಲದೆ ಇರುವುದು ಕಷ್ಟ. ಹಾಗಾಗಿ ಕಠಿಣ ಅಭ್ಯಾಸವನ್ನು ಇಫ್ತಾರಿಗೆ ಹತ್ತಿರ ತಂದರೆ ಒಳ್ಳೆಯದು, ಆಟ ಮುಗಿದ ಕೂಡಲೇ ನೀರು ಒಳಗೆ ಹೋಗುತ್ತದೆ. ನಾವು ಕೇಳುವ ಮೊದಲೇ ಕ್ಯಾಪ್ಟನ್ ಸರ್ ಬಳಿ ಹೋಗಿ, ಅಭ್ಯಾಸವನ್ನು 5 ಗಂಟೆಯಿಂದ ಇಡಬಹುದೇ ಎಂದು ಕೇಳಿದ. ಕೇಳಲು ಇದು ಸಣ್ಣ ಬದಲಾವಣೆ. ಆದರೆ ಬಂಟ್ವಾಳದ ಇಬ್ಬರಿಗೆ ಮಾಮೂಲಿ ಬಸ್ಸು ತಪ್ಪುತ್ತಿತ್ತು. ಮನೆ ಸೇರುವಾಗ ರಾತ್ರಿ ಎಂಟು ದಾಟುತ್ತಿತ್ತು. ಅವರು ಒಂದು ತಿಂಗಳು ಹಾಗೆಯೇ ಮನೆಗೆ ಹೋದರು. ಒಮ್ಮೆಯೂ ಅದನ್ನು ನಮ್ಮ ಮುಂದೆ ಎತ್ತಿ ಆಡಲಿಲ್ಲ.

ಇನ್ನೊಂದು ಕಡೆ ನಮ್ಮ ಸ್ಟಾಪರ್ ಬ್ಯಾಕ್ ಪಿಲಿವೇಷ ಹಾಕುವ ಹರಕೆ ಹೊತ್ತಿದ್ದ. ದಸರಾದ ಆ ದಿನಗಳಲ್ಲಿ ಮೈಗೆಲ್ಲ ಹಳದಿ ಬಣ್ಣ ಬಳಿದುಕೊಂಡು, ತಾಸೆಯ ಏಟಿಗೆ ಬೀದಿ ಬೀದಿ ಕುಣಿಯಬೇಕು. ಬಣ್ಣ ಒಣಗುವವರೆಗೆ ಕೈಕಾಲು ಅಗಲಿಸಿ ಗಂಟೆಗಟ್ಟಲೆ ನಿಂತಿರಬೇಕು. ಅವನೂ ವ್ರತದಲ್ಲಿದ್ದ, ನಾವೂ ಉಪವಾಸದಲ್ಲಿದ್ದೆವು. ಆ ಮೂರು ದಿನ ಅವನ ಜಾಗದಲ್ಲಿ ನಾನು ನಿಂತು ಅಭ್ಯಾಸ ಮಾಡಿದೆ. ನಾಲ್ಕನೆಯ ದಿನ ಅವನು ಮೈದಾನಕ್ಕೆ ಬಂದಾಗ ಕಿವಿಯ ಹಿಂದೆ, ಕುತ್ತಿಗೆಯ ಮಡಿಕೆಯಲ್ಲಿ ಹಳದಿ ಬಣ್ಣ ಇನ್ನೂ ಉಳಿದಿತ್ತು. “ಹುಲಿ ಬಂತು, ಓಡಿ!” ಎಂದು ಗೋಲಿ ಕೂಗಿದ. ಎಲ್ಲರೂ ನಕ್ಕೆವು. ಅಕ್ಟೋಬರ್ 2ರಂದು ವಿಜಯದಶಮಿ. ಅದಾಗಿ ಎರಡು ದಿನವೋ ಮೂರು ದಿನವೋ ಆಗಿತ್ತು.

ಆ ವಾರವೇ ಮಂಗಳೂರು ಹೊತ್ತಿಕೊಂಡಿತು. 2006ರ ಅಕ್ಟೋಬರ್ ಗಲಭೆಯ ಬಗ್ಗೆ ಇಲ್ಲಿ ವಿವರವಾಗಿ ಬರೆಯುವುದಿಲ್ಲ. ಜೀವಗಳು ಹೋದವು, ಅಂಗಡಿಗಳು ಸುಟ್ಟವು, ನಗರದಲ್ಲಿ ಕರ್ಫ್ಯೂ ಹೇರಲಾಯಿತು. ಅದೇ ವಾರಾಂತ್ಯ ನಡೆಯಬೇಕಿದ್ದ ನಮ್ಮ ಕ್ವಾರ್ಟರ್ ಫೈನಲ್ ಮುಂದಕ್ಕೆ ಹೋಯಿತು.

ಆಗ ತಂಡದ ಜೆರ್ಸಿಗಳೆಲ್ಲ ನಮ್ಮ ಮನೆಯಲ್ಲಿದ್ದವು. ಜೆರ್ಸಿ ಕಾಲೇಜಿನ ಸೊತ್ತು. ಪಂದ್ಯ ಮುಗಿದ ಮೇಲೆ ಒಬ್ಬೊಬ್ಬರು ಸರದಿಯಂತೆ ಮನೆಗೆ ಒಯ್ದು ಒಗೆದು ತರಬೇಕು ಎಂಬುದು ಸರ್ ಮಾಡಿದ ನಿಯಮ. ಆ ಸಲ ನನ್ನ ಸರದಿ. ಬಂದರಿನ ಹತ್ತಿರದ ಓಣಿಯಲ್ಲಿ ನಮ್ಮ ಮನೆ. ಹೊರಗೆ ಕಾಲಿಡುವ ಹಾಗಿಲ್ಲ. ಉಮ್ಮ ಹದಿನೆಂಟು ಜೆರ್ಸಿಗಳನ್ನೂ ಒಗೆದು ಒಳಗಿನ ಜಗಲಿಯಲ್ಲಿ ಹಗ್ಗ ಕಟ್ಟಿ ಒಣಹಾಕಿದರು. ಆ ನಾಲ್ಕು ದಿನ ಮನೆಯೊಳಗೆ ಎಲ್ಲಿ ನಡೆದರೂ ತಲೆಗೆ ಜೆರ್ಸಿ ತಾಗುತ್ತಿತ್ತು. ಹತ್ತನೆಯ ನಂಬರು ಕ್ಯಾಪ್ಟನ್‌ನದು, ಐದು ಪಿಲಿವೇಷದವನದು, ಒಂದು ಗೋಲಿಯದು. ಹೊರಗೆ ಪೊಲೀಸ್ ಜೀಪಿನ ಸದ್ದು, ಒಳಗೆ ಅವರೆಲ್ಲರ ಬೆನ್ನುಗಳು ಸಾಲಾಗಿ ನೇತಾಡುತ್ತಿದ್ದವು.

ಮೂರನೆಯ ದಿನ ಕ್ಯಾಪ್ಟನ್ ಫೋನ್ ಮಾಡಿದ. ಫೋನ್ ಎತ್ತಿದ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಊರಿನಲ್ಲಿ ಏನಾಗಿದೆಯೆಂದು ಇಬ್ಬರಿಗೂ ಗೊತ್ತಿತ್ತು. ಯಾರು ಮಾಡಿದರು, ಯಾರು ಮೊದಲು ಮಾಡಿದರು ಎಂದು ಶುರು ಮಾಡಿದ್ದರೆ ಆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತಿತ್ತೋ.

“ಜೆರ್ಸಿ ಒಣಗಿತಾ ಮಾರಾಯ?” ಎಂದು ಅವನು ಕೇಳಿದ.

“ಒಣಗಿದೆ” ಎಂದೆ.

ಉಮ್ಮ ಫೋನು ಕಿತ್ತುಕೊಂಡು, “ದೋಣಿ ಇಲ್ಲ, ಕೆಲಸ ಇಲ್ಲ, ಮನೆಯಲ್ಲಿ ಅಕ್ಕಿ ಉಂಟಾ ಮಗನೇ?” ಎಂದು ವಿಚಾರಿಸಿದರು. ಉಂಟು ಎಂದನಂತೆ. ಅವನ ತಾಯಿ ಆ ಕಡೆಯಿಂದ, ನಿಮ್ಮ ಓಣಿಯಲ್ಲಿ ಎಲ್ಲ ಸರಿಯಿದೆಯಾ ಎಂದು ಕೇಳಿಸಿದರು. ಅಷ್ಟೇ ನಡೆದದ್ದು. ಅಂಥ ದಿನಗಳಲ್ಲಿ ಅಷ್ಟು ಕೇಳಲು ಇಬ್ಬರು ತಾಯಂದಿರಿಗೆ ಒಂದು ನೆಪ ಬೇಕಿತ್ತು. ಆ ನೆಪ ನಮ್ಮ ಜೆರ್ಸಿಯಾಗಿತ್ತು.

ಕರ್ಫ್ಯೂ ತೆಗೆದ ಮೇಲೆ ಮೊದಲ ದಿನದ ಅಭ್ಯಾಸಕ್ಕೆ ಹನ್ನೊಂದೇ ಮಂದಿ ಬಂದಿದ್ದೆವು. ಹಿಂದೆಲ್ಲ ಎಲ್ಲೆಂದರಲ್ಲಿ ಕೂತು ಶೂ ಕಟ್ಟಿಕೊಳ್ಳುತ್ತಿದ್ದವರು ಅಂದು ಎರಡು ಗುಂಪಾಗಿ ಕೂತಿದ್ದೆವು. ಯಾರೂ ಹಾಗೆ ಕೂರಬೇಕೆಂದು ಹೇಳಿರಲಿಲ್ಲ. ಪಿ.ಡಿ. ಸರ್ ಬಂದು ನೋಡಿದರು. ಅವರು ಭಾಷಣ ಮಾಡುತ್ತಾರೆ ಎಂದುಕೊಂಡೆವು. ಅವರು ಸೀಟಿ ಊದಿ, “ಬೆಸ ಸಂಖ್ಯೆ ಈಚೆ, ಸಮ ಸಂಖ್ಯೆ ಆಚೆ” ಎಂದರು. ದಿನವೂ ಹೀಗೆಯೇ ಎರಡು ಪಂಗಡ ಮಾಡುತ್ತಿದ್ದರು, ಅಂದೂ ಹಾಗೆಯೇ ಮಾಡಿದರು.

ಮೊದಲ ಹತ್ತು ನಿಮಿಷ ಯಾರೂ ಬಾಯಿ ಬಿಡಲಿಲ್ಲ. ಮಾತಿಲ್ಲದೆ ಫುಟ್ಬಾಲ್ ಆಡಲಾಗದು ಎಂಬುದು ಆಡಿದವರಿಗೆ ಗೊತ್ತು. ‘ಬಿಡು’, ‘ಹಿಂದೆ ಇದ್ದಾನೆ’, ‘ನನಗೆ’ ಎಂದು ಕೂಗುತ್ತಲೇ ಇರಬೇಕು. ನಾವು ಪ್ರೇತಗಳಂತೆ ಓಡುತ್ತಿದ್ದೆವು. ಆಗ ಕ್ಯಾಪ್ಟನ್ ಮುಂದಕ್ಕೆ ಒಂದು ಒಳ್ಳೆಯ ಪಾಸ್ ಕೊಟ್ಟ. ರೈಟ್ ವಿಂಗಿನವನು ಬೇರೆಲ್ಲೋ ನೋಡುತ್ತಿದ್ದ. ಚೆಂಡು ಗೆರೆ ದಾಟಿ ಚರಂಡಿಗೆ ಬಿತ್ತು. ಕ್ಯಾಪ್ಟನ್ ಸಿಟ್ಟಿನಿಂದ ತುಳುವಿನಲ್ಲಿ ಬೈದ. ಇಲ್ಲಿ ಬರೆಯುವಂಥದ್ದಲ್ಲ. ವಿಂಗಿನವನೂ ಸುಮ್ಮನಿರಲಿಲ್ಲ, ಅದಕ್ಕಿಂತ ಒಂದು ಕೈ ಹೆಚ್ಚೇ ತಿರುಗಿಸಿ ಬೈದ. ಎಲ್ಲರೂ ಉಸಿರು ಬಿಗಿಹಿಡಿದೆವು. ಸರ್ ಮಾತ್ರ ಮುಖ ಆಚೆ ತಿರುಗಿಸಿ ನಗುತ್ತಿದ್ದರು. ಅದು ಪಾಸಿನ ಬಗೆಗಿನ ಬೈಗುಳ, ಬೇರೆ ಯಾವುದರದ್ದೂ ಅಲ್ಲ ಎಂದು ಅವರಿಗೆ ತಿಳಿದಿತ್ತು. ನಮಗೆ ತಿಳಿಯಲು ಅರೆನಿಮಿಷ ಹಿಡಿಯಿತು. ಆಮೇಲೆ ಮೈದಾನ ತುಂಬ ಕೂಗಾಟವೋ ಕೂಗಾಟ.

ಮುಂದಿನ ದಿನಗಳಲ್ಲಿ ಐವರು ಮರಳಿ ಬಂದರು. ಇಬ್ಬರು ಬರಲೇ ಇಲ್ಲ. ಮನೆಯವರು ಕಳುಹಿಸಲಿಲ್ಲ. ಹೆದರಿದ ತಂದೆತಾಯಿಯನ್ನು ದೂರಿ ಪ್ರಯೋಜನವಿಲ್ಲ. ಒಬ್ಬ ಮುಸ್ಲಿಂ, ಒಬ್ಬ ಹಿಂದೂ ಎಂದು ಲೆಕ್ಕ ಹಾಕುವವರು ಹಾಕಬಹುದು. ನಮಗೆ ಮಾತ್ರ ಅವರು ರೈಟ್ ಬ್ಯಾಕ್ ಮತ್ತು ಎರಡನೆಯ ಗೋಲಿ. ಅವರ ಜೆರ್ಸಿಗಳನ್ನು ಪ್ರತಿ ಪಂದ್ಯಕ್ಕೂ ಒಯ್ಯುತ್ತಿದ್ದೆವು. ಅವು ಮಡಿಕೆ ಬಿಚ್ಚದೆ ಹಾಗೆಯೇ ವಾಪಸು ಬರುತ್ತಿದ್ದವು.

ಕ್ವಾರ್ಟರ್ ಫೈನಲ್ ಮುಂದಿನ ವಾರ ನೆಹರೂ ಮೈದಾನದಲ್ಲಿ ನಡೆಯಿತು. ರಸ್ತೆಯ ಬದಿಯಲ್ಲಿ ಪೊಲೀಸ್ ವ್ಯಾನ್ ನಿಂತಿತ್ತು. ನೋಡಲು ಬಂದವರು ಬೆರಳೆಣಿಕೆಯಷ್ಟು. ಆಟ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ನಮಗೊಂದು ಕಾರ್ನರ್ ಸಿಕ್ಕಿತು. ಉಪವಾಸದಲ್ಲಿದ್ದ ವಿಂಗಿನವನು ಒದ್ದ ಚೆಂಡು ಗುಂಪಿನಲ್ಲಿ ಯಾರ್ಯಾರಿಗೋ ತಾಗಿ, ಕೊನೆಗೆ ಪಿಲಿವೇಷದವನ ಮೊಣಕಾಲಿಗೆ ಬಡಿದು ಒಳಹೋಯಿತು. ಚೆಂದದ ಗೋಲು ಎಂದು ಯಾರೂ ಹೇಳಲಾರರು. 1-0. ವ್ಯಾನಿನಲ್ಲಿದ್ದ ಒಬ್ಬ ಪೊಲೀಸನೂ ಚಪ್ಪಾಳೆ ತಟ್ಟಿದ.

ಸೆಮಿಫೈನಲ್ ಕೊಡಗಿನಲ್ಲಿ. ಮಂಗಳೂರಿನಿಂದ ಮಡಿಕೇರಿಗೆ ಸುಮಾರು 140 ಕಿಲೋಮೀಟರ್. ರಮಝಾನ್ ಇನ್ನೂ ಮುಗಿದಿರಲಿಲ್ಲ. ಪ್ರಯಾಣಿಕನು ಉಪವಾಸ ಬಿಟ್ಟು ಬೇರೆ ದಿನಗಳಲ್ಲಿ ಪೂರೈಸಬಹುದು ಎಂಬ ರಿಯಾಯಿತಿಯನ್ನು ಕುರ್‌ಆನ್ ಕೊಟ್ಟಿದೆ. ಉಳಿದಿದ್ದ ಆರು ಮಂದಿಯಲ್ಲಿ ನಾಲ್ವರು ಆ ರಿಯಾಯಿತಿ ಪಡೆದರು. ಇಬ್ಬರು ಉಪವಾಸ ಹಿಡಿದೇ ಆಡಿದರು. ಒಬ್ಬರು ಇನ್ನೊಬ್ಬರನ್ನು ಪ್ರಶ್ನಿಸಲಿಲ್ಲ. ಸರ್ ಕೂಡ ಯಾರನ್ನೂ ಕೇಳಲಿಲ್ಲ. “ಓಡಲಾಗದಿದ್ದರೆ ಕೈ ಎತ್ತಿ, ಬದಲಿ ಕಳಿಸುತ್ತೇನೆ” ಎಂದಷ್ಟೇ ಎಲ್ಲರಿಗೂ ಹೇಳಿದರು. ಮುಂದೆ 2014ರ ವಿಶ್ವಕಪ್ಪಿನಲ್ಲಿ ಅಲ್ಜೀರಿಯಾ ತಂಡ ರಮಝಾನಿನಲ್ಲೇ ಜರ್ಮನಿಯನ್ನು ಎದುರಿಸಿದಾಗ ಯಾರು ಉಪವಾಸ, ಯಾರು ಅಲ್ಲ ಎಂದು ಪತ್ರಕರ್ತರು ಕೆದಕಿದ್ದನ್ನು ಓದಿದೆ. 2021ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನಲ್ಲಿ ಲೆಸ್ಟರ್ ಮತ್ತು ಕ್ರಿಸ್ಟಲ್ ಪ್ಯಾಲೇಸ್ ಪಂದ್ಯವನ್ನು ಕ್ಷಣಕಾಲ ತಡೆದು ಇಬ್ಬರು ಆಟಗಾರರಿಗೆ ಉಪವಾಸ ಬಿಡಲು ಅವಕಾಶ ಕೊಟ್ಟದ್ದು ದೊಡ್ಡ ಸುದ್ದಿಯಾಯಿತು. ಎರಡೂ ಸಲ ನನಗೆ ನೆನಪಾದದ್ದು ಏನನ್ನೂ ಕೇಳದೆ ಸುಮ್ಮನಿದ್ದ ನಮ್ಮ ಮೇಷ್ಟ್ರು.

ಸೆಮಿಫೈನಲ್‌ನಲ್ಲಿ 3-1ರಿಂದ ಸೋತೆವು. ಅವರು ನಮಗಿಂತ ಚೆನ್ನಾಗಿ ಆಡಿದರು. ಹಿಂದಿರುಗುವಾಗ ಸಂಪಾಜೆ ಘಾಟಿಯಲ್ಲಿ ಕತ್ತಲಾಗುತ್ತಿತ್ತು. ಚಾಲಕ ಒಂದು ಸಣ್ಣ ಹೋಟೆಲಿನ ಮುಂದೆ ಬಸ್ಸು ನಿಲ್ಲಿಸಿದ. ಚಹಾ ಬಂತು. ಹೊತ್ತು ಮುಳುಗಲು ಇನ್ನೂ ಕೆಲವು ನಿಮಿಷಗಳಿದ್ದವು. ಯಾರೂ ಲೋಟಕ್ಕೆ ಕೈ ಹಾಕಲಿಲ್ಲ. ಆ ಇಬ್ಬರು ನೀರು ಕುಡಿಯುವಾಗ ನಮ್ಮೆಲ್ಲರ ಚಹಾ ತಣ್ಣಗಾಗಿತ್ತು.

ಹೀಗೆ ನಮ್ಮ ಋತು ಮುಗಿಯಿತು. ಮಾರ್ಚಿನಲ್ಲಿ ಪರೀಕ್ಷೆಯ ತಯಾರಿ, ಆಮೇಲೆ ಕೆಲಸ ಹುಡುಕುವ ಚಿಂತೆ. ನಮ್ಮಲ್ಲಿ ಒಬ್ಬನೂ ದೊಡ್ಡ ಆಟಗಾರನಾಗಲಿಲ್ಲ. ಮಂಜೇಶ್ವರದವನು ಕೆಲವು ವರ್ಷ ಕೇರಳದ ಸೆವೆನ್ಸ್ ಪಂದ್ಯಗಳಲ್ಲಿ ಆಡಿ ಅಷ್ಟಿಷ್ಟು ಸಂಪಾದಿಸಿದ. ಕ್ಯಾಪ್ಟನ್ ಬೋಟಿನಲ್ಲಿ ಪಾಲು ಮಾಡಿಕೊಂಡ. ರೈಟ್ ವಿಂಗಿನವನು, ಕರಾವಳಿಯ ಅದೆಷ್ಟೋ ಹುಡುಗರಂತೆ, ಸೌದಿಗೆ ಹೋದ.

2023ರ ಮಾರ್ಚ್ 4ರಂದು ರಿಯಾದಿನ ಕಿಂಗ್ ಫಹದ್ ಸ್ಟೇಡಿಯಂನಲ್ಲಿ ಸಂತೋಷ್ ಟ್ರೋಫಿಯ ಫೈನಲ್ ನಡೆಯಿತು. ಭಾರತದ ಈ ರಾಷ್ಟ್ರೀಯ ಪಂದ್ಯಾವಳಿಯ ಕೊನೆಯ ಹಂತ ವಿದೇಶದಲ್ಲಿ ನಡೆದದ್ದು ಅದೇ ಮೊದಲು. ಕರ್ನಾಟಕ 3-2ರಿಂದ ಮೇಘಾಲಯವನ್ನು ಸೋಲಿಸಿತು. ಸುನಿಲ್ ಕುಮಾರ್, ಬೇಕೆ ಓರಂ, ರಾಬಿನ್ ಯಾದವ್ ಗೋಲು ಹೊಡೆದರು. 1968-69ರಲ್ಲಿ ಮೈಸೂರು ಎಂಬ ಹೆಸರಿನಲ್ಲಿ ಗೆದ್ದ ಮೇಲೆ 54 ವರ್ಷ ಕಾದು ಬಂದ ಕಪ್ಪು ಅದು. ನಮ್ಮ ವಿಂಗಿನವನು ಗೋದಾಮಿನ ಕೆಲಸ ಮುಗಿಸಿ ಸ್ಟೇಡಿಯಂಗೆ ಹೋಗಿದ್ದ. ಗೆದ್ದ ಕೂಡಲೇ ಅವನು ಫೋನ್ ಮಾಡಿದ್ದು ಬೆಂಗ್ರೆಯ ಕ್ಯಾಪ್ಟನ್‌ಗೆ. ಮನೆಗೆ ಮಾಡಿದ್ದು ಆಮೇಲಂತೆ.

ಈಗ ಮಂಗಳೂರಿನಲ್ಲಿ ಎಲ್ಲಿ ನೋಡಿದರೂ ಟರ್ಫ್ ಮೈದಾನಗಳು. ಹಸಿರು ಹಾಸು, ಸುತ್ತ ಬಲೆ, ರಾತ್ರಿಯಿಡೀ ದೀಪ. ಗಂಟೆಗೆ ಇಂತಿಷ್ಟು ಎಂದು ಹಣ ಕೊಟ್ಟರೆ ಆಯಿತು. ನಮಗಿಲ್ಲದ ಅನುಕೂಲಗಳು ಇಂದಿನ ಹುಡುಗರಿಗಿವೆ, ಅದರಲ್ಲಿ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಒಂದು ವ್ಯತ್ಯಾಸವಿದೆ. ಟರ್ಫಿಗೆ ಹುಡುಗರು ತಮ್ಮ ತಮ್ಮ ಗುಂಪು ಕಟ್ಟಿಕೊಂಡೇ ಬರುತ್ತಾರೆ. ಒಂದೇ ಓಣಿಯವರು, ಒಂದೇ ಮೊಹಲ್ಲಾದವರು, ಒಂದೇ ಜಾತಿಯವರು. ಗಂಟೆ ಮುಗಿದರೆ ಅದೇ ಗುಂಪಿನಲ್ಲಿ ಮನೆಗೆ ಹೋಗುತ್ತಾರೆ. ಕಾಲೇಜು ತಂಡದಲ್ಲಿ ಹಾಗಿಲ್ಲ. ಅಲ್ಲಿ ಪಕ್ಕದಲ್ಲಿ ಯಾರು ನಿಲ್ಲಬೇಕೆಂದು ನೀವು ತೀರ್ಮಾನಿಸುವುದಿಲ್ಲ. ನೋಟೀಸ್ ಬೋರ್ಡು ತೀರ್ಮಾನಿಸುತ್ತದೆ. ನಿಮಗೆ ಇಷ್ಟವಿಲ್ಲದವನಿಗೂ ಚೆಂಡು ಕೊಡಲೇಬೇಕು, ಏಕೆಂದರೆ ಅವನ ಮುಂದೆ ಜಾಗ ಖಾಲಿಯಿರುತ್ತದೆ.

ಸೌಹಾರ್ದದ ಸಭೆಗಳಿಗೆ ನಾನು ಹೋಗುತ್ತೇನೆ. ವೇದಿಕೆಯ ಮೇಲೆ ಮೂರೂ ಧರ್ಮದ ಹಿರಿಯರು ಕೂತು ಒಳ್ಳೆಯ ಮಾತಾಡುತ್ತಾರೆ. ಅದು ಬೇಡವೆನ್ನಲಾರೆ. ಆದರೆ ಊರು ಹೊತ್ತಿಕೊಂಡ ದಿನ ಫೋನ್ ಮಾಡಲು ಹಳೆಯದೊಂದು ಲೆಕ್ಕಾಚಾರ ಇರಬೇಕು. ಒಗೆಯಲು ಕೊಟ್ಟ ಜೆರ್ಸಿ, ಮುಂದಕ್ಕೆ ಹೋದ ಪಂದ್ಯ, ವಾಪಸು ಕೊಡಬೇಕಾದ ಪುಸ್ತಕ, ಏನಾದರೂ ಸರಿ. ಅಂಥ ಲೆಕ್ಕ ಒಂದೇ ದಿನದಲ್ಲಿ ಹುಟ್ಟುವುದಿಲ್ಲ. ದಿನಾ ಸಂಜೆ ಒಂದೇ ಹೊತ್ತಿಗೆ ಒಂದೇ ಜಾಗಕ್ಕೆ ಬಂದವರ ನಡುವೆ, ಅವರಿಗೇ ತಿಳಿಯದಂತೆ ಅದು ಬೆಳೆಯುತ್ತದೆ.

ಮಗ ಫುಟ್ಬಾಲ್ ತಂಡಕ್ಕೆ ಸೇರಿದರೆ ಅಂಕ ಕಡಿಮೆಯಾಗುತ್ತದೆಯೇ ಎಂದು ಈಚೆಗೆ ಪರಿಚಯದ ತಂದೆಯೊಬ್ಬರು ನನ್ನಲ್ಲಿ ಕೇಳಿದರು. ಸ್ವಲ್ಪ ಕಡಿಮೆಯಾಗಬಹುದು ಎಂದೆ. ಮತ್ತೆ ಸೇರಿಸಬೇಕೇ ಎಂದರು. ಸೇರಿಸಿ, ಜೆರ್ಸಿ ಒಗೆಯುವ ಸರದಿ ಬಂದಾಗ ಬೇಡವೆನ್ನಬೇಡಿ ಎಂದೆ.